ಮನೆದೇವರ ಬೀಗ

"ಖಾಕಿ ಹಾಕ್ಕೊಂಡು ನನ್ನ ಹೊಸ್ತಿಲು ತುಳೀಬ್ಯಾಡ ಕಣಪ್ಪ. ಮಾತು ಕೊಡು."

ಪೊಲೀಸ್ ಕೆಲಸದ ಆದೇಶ ಕೈಗೆ ಬಂದ ದಿನ ಅಕ್ಕ ಮಂಗಳಮ್ಮ ಅಂಗೈ ಚಾಚಿ ಕೇಳಿದ್ದಳು. ಬದನವಾಳಿನ ಖಾದಿ ಕೇಂದ್ರದಲ್ಲಿ ನೂತು ನೂತು ತೊಗಲಿನಂತಾದ ಅಂಗೈ. ಅದರ ಮೇಲೆ ಅಂಗೈ ಇಟ್ಟು ಶಿವಮೂರ್ತಿ ಮಾತು ಕೊಟ್ಟಿದ್ದ. ಇಪ್ಪತ್ತು ವರ್ಷ ದಾಟಿದರೂ ಆ ಮಾತು ಮುರಿದಿರಲಿಲ್ಲ.

ಅದು ಇವತ್ತು ನೆನಪಾದದ್ದು ಕೆಟ್ಟ ಗಳಿಗೆಯಲ್ಲಿ. ಅದೇ ಅಕ್ಕನ ಮಗ ರಾಹುಲನ ಕೊರಳಪಟ್ಟಿ ಸಬ್ ಇನ್ಸ್‌ಪೆಕ್ಟರ್ ಶಿವಮೂರ್ತಿಯ ಮುಷ್ಟಿಯಲ್ಲಿತ್ತು.

"ರೂಟರ್ ಕೂರಿಸ್ದೋನು ನೀನು. ಪಾಸ್‌ವರ್ಡ್ ಇಟ್ಟೋನು ನೀನು. ಗೋಡೆ ಪಕ್ಕದ ಮನೇಲಿ ಮಲಗೋನೂ ನೀನೇ. ಇನ್ಯಾವನ್ಲಾ ಬರ್ತಾನೆ ಆ ಮನೆ ವೈಫೈ ಒಳಕ್ಕೆ?"

"ಬುಡಿ ಮಾವ, ಜನ ನೋಡ್ತಾವ್ರೆ."

"ನೋಡ್ಲಿ. ಆ ಹುಡುಗೀನೂ ಜನ ನೋಡಿದ್ರಲ್ಲ!"

ನಂಜನಗೂಡಿನ ಪೇಟೆ ಬೀದಿಯಲ್ಲಿ ಚಿಕ್ಕಬಸಪ್ಪನ ಇಂಟರ್ನೆಟ್ ಅಂಗಡಿ ಅದು. ರಾಹುಲ್ ಅಲ್ಲಿ ಮನೆಮನೆಗೆ ಲೈನ್ ಎಳೆಯುವ ಕೆಲಸದವನು. ಬಿಲ್ಲು ಕಟ್ಟಲು ಬಂದವರು ಕಟ್ಟುವುದನ್ನು ಬಿಟ್ಟು ಬಾಯಿ ತೆರೆದು ನಿಂತಿದ್ದರು.

ಮೂರು ಭಾನುವಾರ, ಮೂರು ಫೋಟೋ. ಹೆಮ್ಮಿಗೆಯ ಬಿಂದುಶ್ರೀ ಎಂಬ ಕಾಲೇಜು ಹುಡುಗಿಯ ಮುಖ, ಅದರ ಕೆಳಗೆ ಓದಲಾಗದಂಥ ಮಾತು. ಹಾಕಿದ್ದು ಹೆಸರಿಲ್ಲದ ಒಂದು ಖೋಟಾ ಖಾತೆ. ಹುಡುಗಿ ಹಾಸ್ಟೆಲ್ ಬಿಟ್ಟು ಊರು ಸೇರಿದ್ದಳು. ಕೋಣೆಯ ಬಾಗಿಲು ಹಾಕಿಕೊಂಡವಳು ತೆಗೆದಿಲ್ಲ. ತಾಯಿ ಇಟ್ಟ ತಟ್ಟೆ ಬಾಗಿಲಲ್ಲೇ ಆರುತ್ತಿದೆ. ಖಾತೆಯ ಜಾಡು ಹಿಡಿದು ಹೋದರೆ ಅದು ಬದನವಾಳಿನಲ್ಲಿ ಅಕ್ಕನ ಗೋಡೆ ಪಕ್ಕದ ಕವನಳ ಮನೆಯ ಇಂಟರ್ನೆಟ್ಟಿಗೆ ಹೋಗಿ ನಿಂತಿತ್ತು. ಕವನ ಅದೇ ಹಾಸ್ಟೆಲಿನ ವಾರ್ಡನ್. ಬೆಳಿಗ್ಗೆಯಿಂದ ಠಾಣೆಯ ಬೆಂಚಿನ ಮೇಲೆ ಕೂತಿದ್ದಾಳೆ. ಸಂಜೆಯೊಳಗೆ ಬೇರೆ ಹೆಸರು ಸಿಗದಿದ್ದರೆ ಬಂಧನ ಎಂದು ಮೇಲಿನವರು ಹೇಳಿಯಾಗಿದೆ.

ರಾಹುಲ್ ಕೊಸರಲಿಲ್ಲ. ಕಣ್ಣಿಗೆ ಕಣ್ಣು ಕೊಟ್ಟು ನೋಡಿದ.

"ಬುಡಿ, ಸಾ," ಅಂದ.

'ಮಾವ' ಹೋಗಿ 'ಸಾ' ಆಗಿತ್ತು. ಶಿವಮೂರ್ತಿಯ ಮುಷ್ಟಿ ತಾನಾಗಿ ಸಡಿಲವಾಯಿತು.

ಚಿಕ್ಕಬಸಪ್ಪ ನಡುವೆ ಬಂದ. ಹಣೆಯಲ್ಲಿ ವಿಭೂತಿ, ಕೈಯಲ್ಲಿ ಎರಡೆರಡು ಫೋನು. "ಬನ್ನಿ ಸಾರ್, ಒಳಗೆ ಕೂತ್ಕೊಳಿ. ಕೊರಳಪಟ್ಟಿ ಎಲ್ಲೂ ಹೋಗಲ್ಲ, ಆಮೇಲೂ ಹಿಡೀಬಹುದು. ಮೊದ್ಲು ಕಾಫಿ."

ಒಳಕೋಣೆಯ ಮೇಜಿನ ಮೇಲೆ ಕವನಳ ಮನೆಯಿಂದ ತಂದಿದ್ದ ರೂಟರ್ ಇತ್ತು. ಪಕ್ಕದಲ್ಲಿ ಕಂಪ್ಯೂಟರ್. ರೂಟರಿಗೆ ಯಾವ ಯಾವ ಫೋನು ಬಂದು ಬಾಗಿಲು ತಟ್ಟಿತು ಎಂಬ ದಾಖಲೆ ಪರದೆಯ ಮೇಲಿತ್ತು.

"ಪಾಸ್‌ವರ್ಡ್ ಏನಿಟ್ಟಿದ್ರಿ?" ಶಿವಮೂರ್ತಿ ಕೇಳಿದ.

ಚಿಕ್ಕಬಸಪ್ಪ ತಲೆ ಕೆರೆದುಕೊಂಡ. "ಅದೊಂದು ಪದ್ಧತಿ ಮಾಡ್ಕೊಂಡ್ಬಿಟ್ಟಿದೀವಿ ಸಾರ್. ಮೊದ್ಲೆಲ್ಲ ಅಕ್ಷರ, ಅಂಕಿ ಸೇರ್ಸಿ ಗಟ್ಟಿ ಪಾಸ್‌ವರ್ಡೇ ಕೊಡ್ತಿದ್ವಿ. ಜನ ಮರ್ತು ಮರ್ತು ಫೋನ್ ಮಾಡಿ ಜೀವ ತಿಂದ್ರು. ಅದ್ಕೇ ಈಗ ಎಲ್ರಿಗೂ ಮನೆದೇವ್ರ ಹೆಸ್ರು. ಹೆಂಡ್ತಿ ಹೆಸ್ರು ಮರೀಬಹುದು, ಮನೆದೇವ್ರ ಹೆಸ್ರು ಮರೆಯೋರುಂಟೇ?"

"ಊರಿಗೆಲ್ಲ ಗೊತ್ತಿರೋ ಗುಟ್ಟು."

"ಹಾಗೇ ಅನ್ನಿ. ಯಾರ ಮನೆದೇವ್ರು ಯಾರು ಅಂತ ಲಗ್ನಪತ್ರಿಕೇಲೇ ಅಚ್ಚು ಹಾಕ್ಸ್ತಾರೆ. ಆದ್ರೆ ಕವನಮ್ಮನೋರ ಮನೆ ಹಂಗಲ್ಲ. ಅವ್ರು ಬುದ್ಧರ ಕಡೆ ಹೋಗಿ ಎಷ್ಟೋ ಕಾಲ ಆಯ್ತು. ಗೋಡೇಲಿ ಬುದ್ಧರದೂ ಅಂಬೇಡ್ಕರರದೂ ಫೋಟೋ ಬಿಟ್ರೆ ಇನ್ನೊಂದಿಲ್ಲ."

"ಮತ್ತೆ ಏನಿಟ್ಟೆ?" ಶಿವಮೂರ್ತಿ ರಾಹುಲನ ಕಡೆ ತಿರುಗಿದ.

ರಾಹುಲ್ ಗೋಡೆಗೆ ಒರಗಿ ನಿಂತಿದ್ದ. ಅಂಗಿಯ ಮೇಲಿನ ಗುಂಡಿ ಕಿತ್ತು ಹೋಗಿತ್ತು. "ಕೋಡಿ ಮಾರಮ್ಮ. ನಮ್ಮಪ್ಪನೂ ಕವನಕ್ಕನ ಅಪ್ಪನೂ ಅಣ್ಣತಮ್ಮ ಅಲ್ವರಾ? ಮುತ್ತಜ್ಜಿ ಕಾಲದಲ್ಲಿ ಎರಡು ಮನೆಗೂ ಅವಳೇ ದೇವ್ರು. ಕೆರೆ ಕೋಡಿ ಹತ್ರ ಕಲ್ಲಿತ್ತಂತೆ, ಈಗ ಆ ಕಲ್ಲೂ ಇಲ್ಲ. ಯಾರಿಗೂ ಗೊತ್ತಾಗಲ್ಲ ಅಂತ ಅದನ್ನೇ ಇಟ್ಟೆ, ಸಾ."

ಪ್ರತಿ ಮಾತಿನ ಕೊನೆಗೂ ಆ 'ಸಾ'. ಮೊಳೆಯ ಮೇಲೆ ಸುತ್ತಿಗೆ ಬಿದ್ದ ಹಾಗೆ.

ಶಿವಮೂರ್ತಿ ಪರದೆಗೆ ಮುಖ ಹತ್ತಿರ ತಂದ. ಮೊದಲ ಭಾನುವಾರ, ಮಧ್ಯಾಹ್ನ. ಒಂದು ಫೋನು ಬಂದು ಬಾಗಿಲು ತಟ್ಟಿದೆ. ತಪ್ಪು. ಮತ್ತೆ ತಟ್ಟಿದೆ. ತಪ್ಪು. ಮತ್ತೊಮ್ಮೆ. ತಪ್ಪು. ಆಮೇಲೆ ಸುಮಾರು ಹೊತ್ತು ಏನೂ ಇಲ್ಲ. ಆಮೇಲೆ ಒಂದೇ ಏಟಿಗೆ ಸರಿ.

"ಆ ಮೂರು ಸಲ ಏನು ಒತ್ತಿದ್ರು ಅಂತ ಗೊತ್ತಾಗುತ್ತಾ?"

"ಇಲ್ಲ ಸಾರ್," ಅಂದ ಚಿಕ್ಕಬಸಪ್ಪ. "ಗುಟ್ಟು ಗಾಳೀಲಿ ಹೋಗೋದೇ ಇಲ್ವಲ್ಲ. ರೂಟರು ಒಂದು ಹಿಡಿ ಹಿಟ್ಟು ಕೊಡ್ತದೆ ಅಂದ್ಕೊಳಿ. ಫೋನು ಅದಕ್ಕೆ ತನ್ನ ಗುಟ್ಟು ಸೇರ್ಸಿ ಮುದ್ದೆ ಕಟ್ಟಿ ತೋರಿಸ್ತದೆ. ರೂಟರೂ ತನ್ನ ಗುಟ್ಟು ಸೇರ್ಸಿ ಒಂದು ಮುದ್ದೆ ಕಟ್ತದೆ. ಎರಡೂ ಒಂದೇ ಥರ ಇದ್ರೆ ಬಾ ಅಂತದೆ, ಇಲ್ದಿದ್ರೆ ಹೋಗು ಅಂತದೆ. ಒಳಗೆ ಏನ್ ಹಾಕಿ ಕಲಸಿದ್ರು ಅಂತ ಹೊರಗಿನೋರಿಗೆ ಹೆಂಗೆ ಗೊತ್ತಾಗ್ಬೇಕು?"

ಶಿವಮೂರ್ತಿ ಕುರ್ಚಿಗೆ ಒರಗಿದ. ಮೂರು ತಪ್ಪು. ನಡುವೆ ಮೌನ. ಆಮೇಲೆ ಸರಿ.

ಇಟ್ಟವನೇ ತಪ್ಪು ಒತ್ತುತ್ತಾನೆಯೇ? ತನ್ನ ಕೈಯಾರೆ ಹಾಕಿದ ಬೀಗಕ್ಕೆ ಮೂರು ಸಲ ತಪ್ಪು ಕೀಲಿ ಹಾಕುತ್ತಾನೆಯೇ? ಇಲ್ಲ. ಒತ್ತಿದವರಿಗೆ ಮನೆದೇವರ ಪದ್ಧತಿ ಗೊತ್ತಿತ್ತು, ಈ ಮನೆಯ ದೇವರು ಗೊತ್ತಿರಲಿಲ್ಲ. ಬುದ್ಧ ಅಂತ ಒತ್ತಿರಬೇಕು. ಭೀಮ ಅಂತ ಒತ್ತಿರಬೇಕು. ಮಂಟೇಸ್ವಾಮಿ ಅಂತಲೂ ನೋಡಿರಬೇಕು. ಆಗದೆ ಹೋದಾಗ ಎದ್ದು ಹೋಗಿ ಯಾರನ್ನೋ ಕೇಳಿಕೊಂಡು ಬಂದಿದ್ದಾರೆ. ಆ ಮೌನ ಕೇಳಿಕೊಂಡು ಬಂದ ಹೊತ್ತು.

ಹಾಗಾದರೆ ರಾಹುಲ್ ಅಲ್ಲ.

ಶಿವಮೂರ್ತಿಗೆ ತನ್ನ ಅಪ್ಪನ ನೆನಪಾಯಿತು. ಯಾರದೋ ಪಂಪ್‌ಸೆಟ್ ಕಳುವಾಯಿತೆಂದು ಖಾಕಿಯವರು ಹೊಸ್ತಿಲು ದಾಟಿ ಬಂದು ಅಪ್ಪ ಗೋವಿಂದಯ್ಯನನ್ನು ಹೀಗೇ, ಕೊರಳಪಟ್ಟಿ ಹಿಡಿದು, ಬೀದಿಯುದ್ದ ಎಳೆದುಕೊಂಡು ಹೋಗಿದ್ದರು. ಸಂಜೆ ಬಿಟ್ಟರು, ಕದ್ದವರು ಬೇರೆ. ಅಪ್ಪ ಮಾತ್ರ ಆಮೇಲೆ ಆ ಬೀದಿಯಲ್ಲಿ ತಲೆ ಎತ್ತಿ ನಡೆಯಲಿಲ್ಲ. ಅಕ್ಕ ಮಾತು ತೆಗೆದುಕೊಂಡದ್ದು ಸುಮ್ಮನಲ್ಲ.

"ರಾಹುಲ, ನಾನು..." ಅಂದ.

"ಪರವಾಗಿಲ್ಲ ಸಾ. ಗುಂಡಿ ಹಾಕಿಸ್ಕೋಬೋದು."

ಅದಕ್ಕಿಂತ ಒಂದು ಏಟು ಕೊಟ್ಟಿದ್ದರೆ ಹಿತವಾಗಿರುತ್ತಿತ್ತು.

ಶಿವಮೂರ್ತಿ ಕಣ್ಣು ತಪ್ಪಿಸಿ ಪರದೆಗೆ ಬೆರಳಿಟ್ಟ. "ಈ ಫೋನಿನ ವಿಳಾಸ ನೋಡಿ. ಮೂರು ಭಾನುವಾರವೂ ಇದೇ. ವೇಷ ಹಾಕಿಲ್ಲ."

ಪ್ರತಿ ಫೋನಿಗೂ ಕಾರ್ಖಾನೆಯಲ್ಲೇ ಹಚ್ಚೆ ಹೊಯ್ದ ಹಾಗೆ ಒಂದು ವಿಳಾಸ ಇರುತ್ತದೆ. ಈಗಿನ ಫೋನುಗಳು ಜಾಣ. ಒಂದೊಂದು ವೈಫೈಗೆ ಒಂದೊಂದು ಸುಳ್ಳು ವಿಳಾಸ ಹೇಳುತ್ತವೆ. ಹಳೆಯವಕ್ಕೆ ಆ ಬುದ್ಧಿ ಇಲ್ಲ. ಎಲ್ಲಿ ಹೋದರೂ ಹುಟ್ಟಿದ ಹೆಸರನ್ನೇ ಹೇಳುತ್ತವೆ.

"ಹಳೇ ಫೋನು," ಅಂದ ಶಿವಮೂರ್ತಿ. "ನಿಮ್ಮ ಲೈನ್ ಇರೋ ಬೇರೆ ಯಾವುದಾದ್ರೂ ಮನೇಲಿ ಇದು ಸೇರ್ಕೊಂಡಿದ್ರೆ ತೋರಿಸುತ್ತಾ?"

"ತೋರಿಸ್ತದೆ. ತಾಂಡವಪುರದಿಂದ ನರಸೀಪುರದ ತನಕ ಎಲ್ಲಾ ಮನೆ ರೂಟರೂ ಇಲ್ಲೇ ಕಾಣ್ತವೆ." ಚಿಕ್ಕಬಸಪ್ಪ ಹುರುಪಿನಿಂದ ಕುರ್ಚಿ ಎಳೆದುಕೊಂಡ. "ಈಗ ಸಿಕ್ಕಿಬೀಳ್ತಾನೆ ನೋಡಿ ಕಳ್ಳ ನನ್ಮಗ."

ಬಿಲ್ಲು ಕಟ್ಟಲು ಬಂದವರಲ್ಲಿ ಇಬ್ಬರು ಬಾಗಿಲಲ್ಲಿ ಇಣುಕಿದರು. ಯಾರೂ ಅವರನ್ನು ಗದರಲಿಲ್ಲ. ಪರದೆ ಒಂದು ಕ್ಷಣ ಬಿಳುಚಿಕೊಂಡಿತು. ಎರಡು ಸಾಲು ಬಂದವು.

ಒಂದು, ಬದನವಾಳು. ಕವನ.

ಎರಡನೆಯದನ್ನು ಓದಿದ ಚಿಕ್ಕಬಸಪ್ಪನ ಹುರುಪು ಇಳಿಯಿತು. ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ.

"ಸಾರ್... ಇದು ನಂಜನಗೂಡೇ. ಪೊಲೀಸ್ ಕ್ವಾರ್ಟರ್ಸು. ಇದು ನಿಮ್ಮನೆ."

ದನಿ ತಗ್ಗಿಸಿದ್ದು ಸಾಲಲಿಲ್ಲ. ಇಣುಕುತ್ತಿದ್ದವರಲ್ಲಿ ಒಬ್ಬ ಇನ್ನೊಬ್ಬನ ಪಕ್ಕೆ ತಿವಿದ. "ಬೇಲಿನೇ ಎದ್ದು ಹೊಲ ಮೇಯ್ದಂಗಾಯ್ತಲ್ಲೋ!"

ಶಿವಮೂರ್ತಿಗೆ ಕಿವಿ ಬಿಸಿಯಾಯಿತು. ಅವನ ಮನೆಯಲ್ಲಿದ್ದ ಹಳೆಯ ಫೋನು ಒಂದೇ, ಅದನ್ನು ಅವನು ಬಲ್ಲ. ಮೂಲೆ ಒಡೆದ ಅವನದೇ ಹಳೆಯ ಫೋನು. ಹೊಸದು ಕೊಂಡಾಗ ಅದನ್ನು ಅಕ್ಕನಿಗೆ ಕೊಟ್ಟಿದ್ದ. ಒಳಗಿದ್ದದ್ದನ್ನು ಅಳಿಸಿಯೂ ಕೊಟ್ಟಿರಲಿಲ್ಲ. ಊರೂರು ತಿರುಗಿ, 'ಹಳೇ ಫೋನನ್ನ ಅಳಿಸದೆ ಯಾರಿಗೂ ಕೊಡಬೇಡಿ' ಅಂತ ಮೈಕು ಹಿಡಿದು ಹೇಳುವವನು ಅವನೇ.

"ಕೊನೇ ಸಲ ನಿಮ್ಮನೇಲಿ ಸೇರ್ಕೊಂಡಿದ್ದು ಯಾವಾಗ ಅಂದ್ರೆ..." ಚಿಕ್ಕಬಸಪ್ಪ ಬೆರಳು ಇಳಿಸುತ್ತಿದ್ದ.

"ಸಾಕು! ಮುಚ್ಚಿ ಅದನ್ನ," ಶಿವಮೂರ್ತಿ ತಾನೇ ಕೈ ಚಾಚಿ ಪರದೆ ಆರಿಸಿಬಿಟ್ಟ. "ನನ್ನ ಹಳೇ ಫೋನು. ಅಕ್ಕನಿಗೆ ಕೊಟ್ಟಿದ್ದೆ. ಅಕ್ಕನ ಮನೇಲಿರೋ ಫೋನು."

ಪತ್ತೇದಾರಿಕೆಯಲ್ಲಿ ಅವನು ಕಲಿತ ಮೊದಲ ಪಾಠ, ಕೊನೆಯ ಸಾಲಿನ ತನಕ ಓದು ಎಂಬುದು. ನಾಚಿಕೆ ಆ ಪಾಠವನ್ನು ಮರೆಸಿತು.

"ನಿಮ್ಮವ್ವನ ಫೋನು ಯಾರ್ ಯಾರ್ ಮುಟ್ತಾರೆ?" ರಾಹುಲನನ್ನು ಕೇಳಿದ.

ರಾಹುಲ್ ಆರಿದ ಪರದೆಯನ್ನೇ ನೋಡುತ್ತಿದ್ದ. ಅವನ ಮುಖದ ಸಿಟ್ಟು ಇಳಿದು ಅಲ್ಲಿ ಬೇರೇನೋ ಬಂದಿತ್ತು. ಕನಿಕರವಿರಬಹುದೇ?

"ಅದ್ನ ನಾನು ಏಳಲ್ಲ," ಅಂದ. "ಅವ್ವನ್ನೇ ಓಗಿ ಕೇಳಿ."

ಈ ಸಲ 'ಸಾ' ಇರಲಿಲ್ಲ.

ಜೀಪು ಊಟಿ ರಸ್ತೆ ಬಿಟ್ಟು ಬದನವಾಳಿನ ಕಡೆ ಹೊರಳುವಾಗ ಫೋನು ಗುನುಗಿತು. ಮಗಳು ಸಂಘಮಿತ್ರ. ಬೆಳಿಗ್ಗೆಯಿಂದ ಇದು ಮೂರನೇ ಸಲ. ಬಿಂದುಶ್ರೀಯ ತರಗತಿಯವಳೇ. ಮೊನ್ನೆ ಮೊನ್ನೆಯ ತನಕ ಇಬ್ಬರೂ ಒಂದೇ ಡಬ್ಬಿಯಲ್ಲಿ ಉಂಡವರು.

"ಅಪ್ಪಾ, ಸಿಕ್ಕಿದ್ರಾ?"

"ಇನ್ನೂ ಇಲ್ಲ ಮಗಳೇ."

"ಕವನಕ್ಕನ್ನ ಮನೆಗೆ ಕಳಿಸಿಬಿಡಪ್ಪ. ಅವ್ರಲ್ಲ."

"ನಾನೂ ಹಂಗೇ ಅನ್ಕೊಂಡಿದೀನಿ. ನೀನು ಊಟ ಮಾಡು, ಹೋಗು."

ಆ ಕಡೆ ಏನೋ ಹೇಳಹೊರಟಂತೆ ಉಸಿರು ಕೇಳಿತು. ಆಮೇಲೆ ಫೋನು ಕಟ್ಟಾಯಿತು. ಗೆಳತಿಗಾಗಿ ಎಷ್ಟು ಸಂಕಟಪಡುತ್ತಾಳೆ ಎಂದುಕೊಂಡ. ಈ ಹಾಳು ದಿನದಲ್ಲಿ ಹೆಮ್ಮೆಪಡಲು ಅದೊಂದಾದರೂ ಇತ್ತು.

ಹಿಂದೆಯೇ ಇನ್ಸ್‌ಪೆಕ್ಟರರ ಕರೆ. "ಏನ್ರೀ ಮೂರ್ತಿ, ಹೆಸರು ಸಿಕ್ತಾ? ಇಲ್ಲ ಆಯಮ್ಮನ್ನೇ ಬರ್ಕೊಳ್ಳೋದಾ?"

"ಸಂಜೆಗೆ ಹೇಳ್ತೀನಿ ಸರ್. ಆಯಮ್ಮನ ಹೆಸರು ಬರೀಬೇಡಿ."

ಅಕ್ಕನ ಮನೆಗೆ ಹೋಗುವಾಗಲೆಲ್ಲ ಅವನದೊಂದು ರೂಢಿ. ಜೀಪಿನ ಹಿಂದಿನ ಸೀಟಿನಲ್ಲಿ ಒಂದು ಬಿಳಿ ಅಂಗಿ, ಪಂಚೆ ಸದಾ ಇರುತ್ತಿತ್ತು. ಹುಣಸೆ ಮರದ ಹತ್ತಿರ ಜೀಪು ನಿಲ್ಲಿಸಿ, ಖಾಕಿ ಕಳಚಿ, ಅದನ್ನು ತೊಟ್ಟು ನಡೆದು ಹೋಗುತ್ತಿದ್ದ. ಚಾಲಕ ಬಸವಯ್ಯನಿಗೆ ಅದು ಎಷ್ಟು ರೂಢಿಯೆಂದರೆ, ಮರ ಬಂದೊಡನೆ ಹೇಳದೆಯೇ ಬ್ರೇಕು ಹಾಕಿದ.

"ಸಾ, ಅಂಗಿ."

ಶಿವಮೂರ್ತಿ ಅಂಗಿಯನ್ನು ನೋಡಿದ. ತಮ್ಮನಂತೆ ಒಳಗೆ ಹೋಗಿ, ಅಕ್ಕ ಕೊಟ್ಟ ನೀರು ಕುಡಿದು, ಪೊಲೀಸಿನವನಂತೆ ಮನೆ ಹುಡುಕುವುದೇ? ಅದು ಮಾತು ಮುರಿಯುವುದಕ್ಕಿಂತ ಹೊಲಸು.

"ಇವತ್ತು ಬೇಡ ಬಸವಯ್ಯ. ಮನೆ ಮುಂದಕ್ಕೇ ಬಿಡು."

"ಸಾ... ಅಮ್ಮಾರು..."

"ಬಿಡು ಅಂದೆ."

ಮಂಗಳಮ್ಮ ಮಧ್ಯಾಹ್ನದ ಊಟಕ್ಕೆ ಕೇಂದ್ರದಿಂದ ಬಂದಿದ್ದಳು. ಹೊಸ್ತಿಲ ಒಳಗೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ತಲೆಯ ಮೇಲೆ, ಸೀರೆಯ ಮೇಲೆ, ಇನ್ನೂ ಹತ್ತಿಯ ಎಳೆ. ಜೀಪು ನಿಂತಾಗ ತಲೆ ಎತ್ತಿದಳು. ಮೊದಲು ಮುಖ ಅರಳಿತು. ಆಮೇಲೆ ಖಾಕಿ ಅಂಗಿ ಕಂಡಿತು.

"ಅಲ್ಲೇ ನಿಂತ್ಕೊ," ಅಂದಳು.

ಎದುರು ಜಗಲಿಯ ಮುದ್ದಮ್ಮ ಬೀಸಣಿಗೆ ನಿಲ್ಲಿಸಿ ನೋಡತೊಡಗಿದಳು.

"ಅಕ್ಕ, ನಾನು ಒಳಕ್ಕೆ ಬರ್ಬೇಕು."

"ನಮ್ಮ ಸಿವು ಆದ್ರೆ ಬರ್ಲಿ. ಪೋಲಿಸ್ನೋರಾದ್ರೆ ಅಲ್ಲಿಂದ್ಲೇ ಮಾತಾಡ್ಲಿ."

"ಪೊಲೀಸಾಗೇ ಬಂದಿದೀನಿ." ತನ್ನ ಧ್ವನಿ ತನಗೇ ಹೇಸಿಗೆಯಾಯಿತು. "ಬಿಂದುಶ್ರೀ ಫೋಟೋ ಹಾಕಿರೋದು ನಾನು ನಿಂಗೆ ಕೊಟ್ಟ ಫೋನಿಂದ. ನಿಮ್ಮ ಗೋಡೆ ಪಕ್ಕ ಕೂತು, ಕವನನ ವೈಫೈಗೆ ನುಗ್ಗಿ ಹಾಕವ್ರೆ. ಫೋನು ಕೊಡು. ಇಲ್ದಿದ್ರೆ ನಾನೇ ಹುಡುಕ್ಬೇಕಾಯ್ತದೆ."

ಮಂಗಳಮ್ಮನ ಕೈಯಲ್ಲಿದ್ದ ಅವರೆಕಾಯಿ ಮೊರಕ್ಕೆ ಬಿತ್ತು.

"ಬೆಳಿಗ್ಗೆ ನನ್ನ ಮಗನ ಕೊರಳಪಟ್ಟಿ ಇಡ್ದ್ಯಂತೆ. ಈಗ ನನ್ನ ಮನೆ ಸೋಧ್ನೆಗೆ ಬಂದಿದೀಯ. ಅಪ್ಪನ ಎಳ್ಕೊಂಡ್ ಓದೋರೂ ಇಂಗೇ ಅಲ್ವೇನೋ ಬಾಗ್ಲಲ್ಲಿ ನಿಂತಿದ್ದು?"

ಠಾಣೆಯ ಬೆಂಚಿನ ಮೇಲೆ ಕೂತ ಕವನ ಅವನ ಕಣ್ಣ ಮುಂದೆ ಬಂದಳು. ಬೂಟಿನ ಕಾಲನ್ನು ಮೆಟ್ಟಿಲಿಗೆ ಇಟ್ಟ. ಇನ್ನೊಂದು ಹೆಜ್ಜೆ, ಅಷ್ಟೇ. ಕಾಲೆತ್ತಿದ.

"ಆ ಫೋನು ಇಲ್ಲಿ ಎಲ್ಲಯ್ತೆ?" ಅಂದಳು ಮಂಗಳಮ್ಮ.

ಎತ್ತಿದ ಕಾಲನ್ನು ಅವನು ಮೆಟ್ಟಿಲಿಗೇ ಮರಳಿ ಇಟ್ಟ.

"ಅವತ್ತೇ ಏಳ್ದೆ ನಿಂಗೆ, ನೀ ಕೇಳ್ಸ್ಕೊಳ್ಳಿಲ್ಲ." ಅವಳು ಬಲಗೈ ಬೆರಳುಗಳನ್ನು ಬಿಡಿಸಿ ತೋರಿಸಿದಳು. "ನೂತು ನೂತು ಬೆರಳು ಕಲ್ಲಾಗವೆ. ಆ ಗಾಜಿನ ಮ್ಯಾಲೆ ಎಷ್ಟು ಉಜ್ಜಿದ್ರೂ ಅದು ನನ್ನ ಗುರ್ತೇ ಇಡೀಲಿಲ್ಲ. ಒತ್ತೋ ಫೋನೇ ಸಾಕು ಅಂತ ಅದ್ನ ಅಂಗೇ ಮಡಗಿದ್ದೆ. ಮಿತ್ರ ಕೇಳಿದ್ಲು, ಕೊಟ್ಟೆ."

"ಯಾವ ಮಿತ್ರ?"

ಕೇಳಬಾರದ ಪ್ರಶ್ನೆ. ಕೇಳಿಯಾಗಿತ್ತು.

"ಎಷ್ಟು ಜನ ಮಿತ್ರ ಅವ್ರೆ ನಮ್ಗೆ? ನಿನ್ ಮಗಳು ಕಣೋ. ಮೂರು ವಾರದಿಂದ ಬಾನುವಾರ ಬಾನುವಾರ ರೈಲತ್ಕೊಂಡು ಬತ್ತಾಳಲ್ಲ. ಇತ್ತಿಲಲ್ಲಿ ಆ ಗೋಡೆ ನೆಳ್ಳಲ್ಲಿ ಕೂತ್ಕೊಂಡು ಓದ್ಕೋತಾಳೆ." ಮಾತಾಡುತ್ತಾ ಆಡುತ್ತಾ ಅವಳ ದನಿ ಮೆತ್ತಗಾಯಿತು. ತಾನು ಏನು ಹೇಳುತ್ತಿದ್ದೇನೆ ಎಂಬುದು ಅವಳಿಗಿನ್ನೂ ಹೊಳೆದಿರಲಿಲ್ಲ. "ಮೊದಲ್ನೇ ದಿನ ಬಂದು ಏನ್ ಕೇಳಿದ್ಲು ಅಂತೀಯ? 'ಅತ್ತೆ, ನಿಮ್ಮ ಮನೆ ಕಡೇರಿಗೆ ಇಂದೆ ಮನೆದೇವ್ರು ಯಾರಿದ್ರು?' ಅಂತ. ನನ್ನ ಒಟ್ಟೆ ತಣ್ಣಗಾಯ್ತು ಕಣಪ್ಪ. ಈಗಿನ ಮಕ್ಕಳು ಯಾರು ಕೇಳ್ತಾರೆ ಅದ್ನೆಲ್ಲ? ಕೂರಿಸ್ಕೊಂಡು ಕೋಡಿ ಮಾರಮ್ಮನ ಕತೆನೆಲ್ಲ ಏಳ್ದೆ. ಅವಳು ಕಲ್ಲಾಗಿದ್ದು, ಕೆರೆ ತುಂಬ್ದಾಗ ಕಲ್ಲು ಕೊಚ್ಕೊಂಡ್ ಓದದ್ದು, ಎಲ್ಲ. ತಲೆ ಬಗ್ಗಿಸ್ಕೊಂಡು ಕೇಳಿದ್ಲು."

ಮೂರು ತಪ್ಪು. ನಡುವೆ ಮೌನ. ಆಮೇಲೆ ಸರಿ.

ಆ ಮೌನದಲ್ಲಿ ಅಕ್ಕ ಕತೆ ಹೇಳುತ್ತಿದ್ದಳು.

ಸಿಮ್ಮಿಲ್ಲದ ಹಳೆಯ ಫೋನು, ಬೇರೆಯವರ ಮನೆಯ ವೈಫೈ. ಇದನ್ನು ಕಲಿಸಿದವನು ಯಾರು? ಹೋದ ವರ್ಷ ಮಗಳ ಕಾಲೇಜಿನಲ್ಲಿ ಮೈಕು ಹಿಡಿದು ಅವನೇ ಹೇಳಿದ್ದ: 'ನಮಗೆ ಸಿಗೋದು ಮನೆ ಬಾಗಿಲ ನಂಬರು ಅಷ್ಟೆ. ಒಳಗೆ ಯಾರು ಕೂತಿದ್ರು ಅಂತ ಅದು ಹೇಳಲ್ಲ. ಅದಕ್ಕೇ ನಿಮ್ಮ ವೈಫೈ ಭದ್ರ ಮಾಡ್ಕೊಳಿ.' ಮುಂದಿನ ಸಾಲಿನಲ್ಲಿ ಸಂಘಮಿತ್ರ ಕೂತಿದ್ದಳು. ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದ್ದಳು.

ಜೇಬಿನ ಫೋನು ಟಿಂಗ್ ಅಂದಿತು. ಚಿಕ್ಕಬಸಪ್ಪನ ಸಂದೇಶ. 'ಸಾರ್, ಬೇಜಾರಾಗ್ಬೇಡಿ. ಆಗ ಹೇಳಕ್ಕೆ ಬಿಡ್ಲಿಲ್ಲ ನೀವು. ಆ ಫೋನು ನಿಮ್ಮನೇಲಿ ಕೊನೇ ಸಲ ಸೇರ್ಕೊಂಡಿದ್ದು ನಿನ್ನೆ ರಾತ್ರಿ.'

ಅವನು ಮೆಟ್ಟಿಲಿನಿಂದ ಇಳಿದ.

ಮಂಗಳಮ್ಮ ತಮ್ಮನ ಮುಖ ನೋಡಿದಳು. ತಾನು ಇದುವರೆಗೆ ಆಡಿದ್ದೆಲ್ಲ ಒಂದೊಂದಾಗಿ ಅವಳಿಗೂ ವಾಪಸ್ಸು ಕೇಳಿಸಿತೇನೋ, ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ಲೋ ಸಿವು... ನಾನು ದೇವ್ರ ಕತೆ ಏಳ್ದೆ ಕಣೋ. ಅಷ್ಟೇಯ."

"ನಿಂದೇನೂ ತಪ್ಪಿಲ್ಲ ಅಕ್ಕ." ಬೂಟಿನ ತುದಿ ನೋಡಿಕೊಂಡೇ ಹೇಳಿದ. "ಬಸವಯ್ಯ, ಗಾಡಿ ತಿರುಗ್ಸು."

"ಎಲ್ಲಿಗೆ ಸಾ? ಠಾಣೆಗಾ?"

ಫೋನು ಮತ್ತೆ ಗುನುಗತೊಡಗಿತು. ಇನ್ಸ್‌ಪೆಕ್ಟರರು. ಹೆಸರು ಬೇಕು ಅವರಿಗೆ. ಹೆಸರು ಈಗ ಅವನ ಹತ್ತಿರ ಇತ್ತು. ಅವನೇ ಇಟ್ಟ ಹೆಸರು.

"ನಮ್ಮನೆಗೆ," ಅಂದ.

ಬಸವಯ್ಯ ಹಿಂದಿನ ಸೀಟಿನ ಬಿಳಿ ಅಂಗಿಯನ್ನೊಮ್ಮೆ, ಸಾಹೇಬರನ್ನೊಮ್ಮೆ ನೋಡಿ ಗಾಡಿ ಹೊರಳಿಸಿದ.

ಮಂಗಳಮ್ಮ ಹೊಸ್ತಿಲು ದಾಟಿ ಬೀದಿಗೇ ಓಡಿ ಬಂದಳು. ಜೀಪಿನ ಕಂಬಿ ಹಿಡಿದುಕೊಂಡಳು. ತಲೆಯ ಮೇಲಿನ ಹತ್ತಿಯ ಎಳೆ ಗಾಳಿಗೆ ಅಲುಗುತ್ತಿತ್ತು.

"ಆ ಖಾಕೀಲಿ ಓಗ್ಬ್ಯಾಡ ಕಣಪ್ಪ ಮಗೀನ ಮುಂದಕ್ಕೆ. ಕಳಚಿಟ್ಟು ಓಗು. ಮಾತು ಕೊಡು."

ಅಂಗೈ ಚಾಚಿದಳು.

ಶಿವಮೂರ್ತಿ ಆ ಅಂಗೈಯನ್ನು ನೋಡಿದ. ಈ ಸಲ ಅದರ ಮೇಲೆ ಕೈ ಇಡಲಿಲ್ಲ. ಜೀಪು ಹೊರಟಿತು.

ಅಕ್ಕನ ಹೊಸ್ತಿಲನ್ನು ಅವನು ಖಾಕಿಯಲ್ಲಿ ತುಳಿಯಲಿಲ್ಲ. ಹಿಂದೆ ಕೊಟ್ಟಿದ್ದ ಮಾತು ಉಳಿಯಿತು.